‘ದಿ ಆಫ್ರಿಕನ್ ಕ್ವೀನ್’ (1951): ಎಷ್ಟು ಕಾಂಗೋ ಕಾಡಿನದು, ಎಷ್ಟು ಲಂಡನ್ ತೊಟ್ಟಿಯದು?

ಹಳೇರೀಲು

ಈ ಸಿನಿಮಾದ ಮಾತು ಬಂದಾಗಲೆಲ್ಲ ಒಂದೇ ಕತೆ ಸುತ್ತಾಡುತ್ತೆ. ಇಡೀ ತಂಡ ಆಮಶಂಕೆಯಾಗಿ ಮಲಗಿತು, ಹಂಫ್ರಿ ಬೋಗಾರ್ಟ್ ಮತ್ತು ನಿರ್ದೇಶಕ ಜಾನ್ ಹ್ಯೂಸ್ಟನ್ ಇಬ್ಬರೇ ನೀರು ಮುಟ್ಟದೆ ವಿಸ್ಕಿ ಕುಡಿದು ಬಚಾವಾದರು. ಕತೆ ನಿಜ, ಬೋಗಾರ್ಟ್ ಅದನ್ನ ಬದುಕಿರೋವರೆಗೂ ಹೇಳಿಕೊಂಡು ಬಂದರು. ಆದರೆ ಅಷ್ಟಕ್ಕೇ ನಕ್ಕು ಮುಗಿಸಿದರೆ ಈ ಚಿತ್ರ ಹೇಗೆ ಹುಟ್ಟಿತು ಅನ್ನೋದರ ಮುಕ್ಕಾಲು ಪಾಲು ಕೈತಪ್ಪುತ್ತೆ. ಅದಕ್ಕೇ ಈ ಎಳೆ ಶುರು ಮಾಡ್ತಿದ್ದೀನಿ.

ನೋಡದವರಿಗೆ ಕತೆ ಎರಡು ಸಾಲಲ್ಲಿ. 1914ರ ಸೆಪ್ಟೆಂಬರ್, ಜರ್ಮನ್ ಪೂರ್ವ ಆಫ್ರಿಕಾ. ಜರ್ಮನ್ ಪಡೆ ಹಳ್ಳಿಯೊಂದನ್ನು ಸುಟ್ಟುಹಾಕುತ್ತೆ, ಅಲ್ಲಿದ್ದ ಪಾದ್ರಿ ಆ ಆಘಾತದಲ್ಲೇ ಸಾಯುತ್ತಾನೆ. ಅವನ ತಂಗಿ ರೋಸ್ (ಕ್ಯಾಥರಿನ್ ಹೆಪ್‌ಬರ್ನ್), ‘ಆಫ್ರಿಕನ್ ಕ್ವೀನ್’ ಅನ್ನೋ ಹರಕು ಸ್ಟೀಮ್ ಬೋಟಿನ ಚಾರ್ಲಿಯನ್ನು (ಬೋಗಾರ್ಟ್) ಒಪ್ಪಿಸಿ ಹೊಳೆಗುಂಟ ಕೆಳಗಿಳಿದು, ಸರೋವರದಲ್ಲಿ ಕಾವಲಿರೋ ಜರ್ಮನ್ ಹಡಗು ಲೂಯಿಸಾವನ್ನು ಮುಳುಗಿಸಲು ಹೊರಡುತ್ತಾಳೆ.

ಸಿ. ಎಸ್. ಫಾರೆಸ್ಟರ್ ಕಾದಂಬರಿ ಬಂದಿದ್ದು 1935ರಲ್ಲಿ. ಹಾಲಿವುಡ್‌ನಲ್ಲಿ ಅದು ವರ್ಷಗಟ್ಟಲೆ ಕೈಯಿಂದ ಕೈಗೆ ದಾಟುತ್ತಾ ಕೂತಿತ್ತು. ಕೊನೆಗೆ ಅದನ್ನ ಎತ್ತಿಕೊಂಡ ನಿರ್ಮಾಪಕ ಸ್ಯಾಮ್ ಸ್ಪೀಗೆಲ್. ಆತನ ಹತ್ತಿರ ಆಗ ದುಡ್ಡಿಗಿಂತ ಧೈರ್ಯವೇ ಜಾಸ್ತಿ ಇತ್ತು. ಇಂಗ್ಲೆಂಡಿನ ರೋಮುಲಸ್ ಫಿಲ್ಮ್ಸ್‌ನ ವುಲ್ಫ್ ಸಹೋದರರು ಜೊತೆ ಸೇರಿದ ಮೇಲೆ ಕೆಲಸ ನಡೀತು. ಚಿತ್ರಕತೆಗೆ ಕೂತಿದ್ದು ವಿಮರ್ಶಕ ಜೇಮ್ಸ್ ಏಜಿ. ಬರೆಯುತ್ತಿರುವಾಗಲೇ, 1951ರ ಶುರುವಿನಲ್ಲಿ, ಅವರಿಗೆ ಹೃದಯಾಘಾತವಾಯ್ತು. ಕೊನೆಯ ಭಾಗ ಇನ್ನೂ ಆಗಿರಲಿಲ್ಲ. ಅದಕ್ಕೆ ಪೀಟರ್ ವಿಯರ್ಟೆಲ್ ಕೈ ಹಾಕಿದರು, ಅವರ ಹೆಸರು ಪರದೆ ಮೇಲೆ ಬರಲಿಲ್ಲ. ಅಂದರೆ ತಂಡ ಆಫ್ರಿಕಾಕ್ಕೆ ಹೊರಟಾಗ ಕ್ಲೈಮ್ಯಾಕ್ಸೇ ಗಟ್ಟಿಯಾಗಿರಲಿಲ್ಲ.

ಹ್ಯೂಸ್ಟನ್‌ಗೆ ಬೇಕಾಗಿದ್ದು ಕಪ್ಪು ನೀರಿನ, ಎರಡೂ ದಡದಿಂದ ಮರ ಬಾಗಿರೋ ಇಕ್ಕಟ್ಟಾದ ಹೊಳೆ. ವಿಮಾನದಲ್ಲಿ ಎಷ್ಟೋ ಸುತ್ತಿದ ಮೇಲೆ ಸಿಕ್ಕಿದ್ದು ಬೆಲ್ಜಿಯನ್ ಕಾಂಗೋದ ರುಯಿಕಿ. ಈಗಿನ ಕಿಸಾಂಗಾನಿ ಆಗ ಸ್ಟ್ಯಾನ್ಲಿವಿಲ್. ಅಲ್ಲಿಂದ ಜಲಪಾತಗಳನ್ನ ಸುತ್ತುಹಾಕಿ ಹೋಗೋ ರೈಲಲ್ಲಿ ಪೊಂಥಿಯೆರ್‌ವಿಲ್, ಈಗಿನ ಉಬುಂಡು. ಅಲ್ಲಿಂದಲೂ ಮುಂದೆ ಕಾಡಿನೊಳಗೆ ಬಿಯೊಂಡೊ ಅನ್ನೋ ಜಾಗದಲ್ಲಿ ಬಿಡಾರ. ಆ ಬಿಡಾರವನ್ನ ತಂಡ ಬರೋದಕ್ಕೆ ಮುಂಚೆ ಬಿದಿರು, ತಾಳೆಗರಿಗಳಿಂದ ಕಟ್ಟಿದ್ದು ಅಲ್ಲಿನ ಜನ. ಕಾಂಗೋ ಮುಗಿಸಿ ಉಗಾಂಡಾ, ಆಲ್ಬರ್ಟ್ ಸರೋವರದ ದಡದ ಬುಟಿಯಾಬಾ, ಮರ್ಚಿಸನ್ ಜಲಪಾತ. ಆಮೇಲೆ ಲಂಡನ್ನಿನ ಸ್ಟುಡಿಯೋ.

ನನ್ನ ಅಭಿಪ್ರಾಯ ಇದು: ಈ ಚಿತ್ರದ ಹೆಚ್ಚುಗಾರಿಕೆ ಇರೋದು ಬೆಸುಗೆಯಲ್ಲಿ. ಕಾಂಗೋದಲ್ಲಿ ತೆಗೆದಿದ್ದಕ್ಕೂ ಲಂಡನ್ ಸ್ಟುಡಿಯೋದ ನೀರಿನ ತೊಟ್ಟಿಯಲ್ಲಿ ತೆಗೆದಿದ್ದಕ್ಕೂ ಜೋಡಣೆ ಎಲ್ಲಿ ಅಂತ ಕಣ್ಣಿಗೆ ಸಿಗೋದಿಲ್ಲ. ಸಿಗದ ಹಾಗೆ ಮಾಡಿದವರು ಯಾರು, ಹೇಗೆ? ಗೊತ್ತಿದ್ದವರು ಬರೀರಿ.

ಕ್ಯಾಮೆರಾಕಣ್ಣು

ನಾನು ಫೋಕಸ್ ಪುಲ್ಲರ್ (ಲೆನ್ಸಿನ ಫೋಕಸ್ ನೋಡಿಕೊಳ್ಳೋ ಸಹಾಯಕ) ಆಗಿ ಕೆಲಸ ಶುರು ಮಾಡಿದವನು, ಹಾಗಾಗಿ ಕ್ಯಾಮೆರಾದಿಂದಲೇ ಹೇಳ್ತೀನಿ.

1951ರಲ್ಲಿ ಬಣ್ಣದ ಚಿತ್ರ ಅಂದರೆ ಹೆಚ್ಚಾಗಿ ಮೂರು ರೀಲಿನ ಟೆಕ್ನಿಕಲರ್. ಲೆನ್ಸ್ ಹಿಂದೆ ಒಂದು ಪಟ್ಟಕ, ಪ್ರಿಸಮ್. ಒಳಬಂದ ಬೆಳಕನ್ನ ಅದು ಎರಡಾಗಿ ಸೀಳುತ್ತೆ. ಒಂದು ಭಾಗ ನೇರ ಹೋಗಿ ಒಂದು ಫಿಲ್ಮಿನ ಮೇಲೆ ಹಸಿರನ್ನ ಬರೆಯುತ್ತೆ. ಇನ್ನೊಂದು ಭಾಗ ಎದೆಗೆ ಎದೆ ಹಚ್ಚಿಕೊಂಡ ಎರಡು ಫಿಲ್ಮ್‌ಗಳ ಮೇಲೆ ಬೀಳುತ್ತೆ, ಮುಂದಿನದು ನೀಲಿ, ಹಿಂದಿನದು ಕೆಂಪು. ಮೂರೂ ಒಂದೇ ವೇಗದಲ್ಲಿ, ಕೂದಲೆಳೆ ತಪ್ಪದೆ ಓಡಬೇಕು. ಬೆಳಕು ಇಷ್ಟು ಹಂಚಿಹೋದ ಮೇಲೆ ಫಿಲ್ಮಿಗೆ ಉಳಿಯೋದು ಸ್ವಲ್ಪವೇ. ಸ್ಟುಡಿಯೋದಲ್ಲಿ ಹತ್ತಾರು ಆರ್ಕ್ ದೀಪ ಉರಿಸಿ ಆ ಕೊರತೆ ತುಂಬಿಸುತ್ತಿದ್ದರು. ಮರ ಮುಚ್ಚಿದ ಕಾಂಗೋ ಹೊಳೆಯಲ್ಲಿ ಎಲ್ಲಿಂದ ತರೋದು?

ಇನ್ನು ಭಾರ. ಕ್ಯಾಮೆರಾ ಸದ್ದು ಮೈಕಿಗೆ ಬೀಳಬಾರದು ಅಂತ ಅದಕ್ಕೊಂದು ದೊಡ್ಡ ಪೆಟ್ಟಿಗೆ ಹೊದಿಸಬೇಕು. ಆ ಪೆಟ್ಟಿಗೆ ಸೇರಿದರೆ ಒಬ್ಬಿಬ್ಬರು ಎತ್ತೋ ಮಾತೇ ಇಲ್ಲ. ಸುಮಾರು 30 ಅಡಿಯ ಬೋಟು, ಮಧ್ಯದಲ್ಲಿ ಬಾಯ್ಲರ್, ಇಬ್ಬರು ನಟರು. ಇದರಲ್ಲಿ ಆ ಕ್ಯಾಮೆರಾ, ಅದರ ಹಿಂದೆ ನಾಲ್ಕು ಜನ ನಿಲ್ಲೋಕೆ ಜಾಗ ಎಲ್ಲಿ?

ಅದಕ್ಕೆ ಅವರು ಕಂಡುಕೊಂಡ ದಾರಿ ತೆಪ್ಪಗಳು. ಒಂದು ದೊಡ್ಡ ತೆಪ್ಪದ ಮೇಲೆ ಬೋಟಿನ ನಕಲು ಭಾಗಗಳನ್ನ ಕಟ್ಟಿದರು. ಮುಖ ಹತ್ತಿರ ಕಾಣೋ ಶಾಟ್‌ಗಳೆಲ್ಲ ಅದರ ಮೇಲೆ. ಅದರ ಹಿಂದೆ ಕ್ಯಾಮೆರಾ ಮತ್ತು ದೀಪಗಳ ತೆಪ್ಪ, ಅದರ ಹಿಂದೆ ಸಾಮಾನು, ಅದರಾಚೆ ಜನರೇಟರ್. ಜನರೇಟರ್ ಸದ್ದು ಮಾತಿಗೆ ಅಡ್ಡ ಬಾರದಿರಲಿ ಅಂತ ಅದನ್ನ ದೂರ ಬಿಡಬೇಕು, ಉದ್ದುದ್ದ ಕೇಬಲ್ ಎಳೆಯಬೇಕು. ಹೆಪ್‌ಬರ್ನ್‌ಗೆ ಅಂತ ಬಟ್ಟೆ ಬದಲಿಸೋಕೆ ಒಂದು ಪುಟ್ಟ ತೆಪ್ಪವೂ ಇತ್ತು, ಆಳೆತ್ತರದ ಕನ್ನಡಿ ಸಮೇತ. ಅದನ್ನ ಎಳೆಯೋದೇ ಭಾರ ಅಂತ ಬೇಗ ಕೈಬಿಟ್ಟರು. ಈ ಸಾಲು ಪೂರ್ತಿ ಒಂದು ಬೋಟಿಗೆ ಕಟ್ಟಿ ತಿರುವು ತಿರುವು ಹೊಳೆಯಲ್ಲಿ ಎಳೀಬೇಕು. ತಿರುವಿನಲ್ಲಿ ಮುಂದಿನ ತೆಪ್ಪ ಒಂದು ಕಡೆ, ಹಿಂದಿನದು ದಡದ ಪೊದೆಯೊಳಗೆ. ಬೆಳಕು ಸರಿ ಇದ್ದ ಹೊತ್ತಿಗೆ ತೆಪ್ಪ ಸಿಕ್ಕಿಹಾಕಿಕೊಂಡಿದ್ದರೆ ಆ ದಿನದ ಕೆಲಸ ಹೋಯ್ತು.

ಇಷ್ಟೆಲ್ಲ ಮಾಡಿದ ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್. ಅದಕ್ಕೆ ಕೆಲವೇ ವರ್ಷ ಮುಂಚೆ ಅವರು ‘ಬ್ಲ್ಯಾಕ್ ನಾರ್ಸಿಸಸ್’ಗೆ ಆಸ್ಕರ್ ತಗೊಂಡಿದ್ದರು. ಅದು ನಡೆಯೋದು ಹಿಮಾಲಯದಲ್ಲಿ, ತೆಗೆದಿದ್ದು ಇಂಗ್ಲೆಂಡಿನಲ್ಲಿ, ಪರ್ವತಗಳೆಲ್ಲ ಬಣ್ಣದಲ್ಲಿ ಬರೆದವು. ಪ್ರತಿ ನೆರಳನ್ನೂ ತಾನೇ ಇಡುತ್ತಿದ್ದ ಮನುಷ್ಯ ಇಲ್ಲಿ ಮೋಡ ಕೊಟ್ಟಷ್ಟು ಬೆಳಕಲ್ಲಿ ಕೆಲಸ ಮಾಡಿದರು, ಅದೂ ಮಲೇರಿಯಾ ಜ್ವರ ಹೊತ್ತುಕೊಂಡು. ತೆಗೆದ ಫಿಲ್ಮ್ ತೊಳೆಯೋಕೆ ಲಂಡನ್ನಿಗೇ ಹೋಗಬೇಕು. ನಿನ್ನೆ ತೆಗೆದಿದ್ದು ಸರಿ ಬಂತಾ ಅಂತ ನೋಡೋ ಅವಕಾಶವೇ ಇಲ್ಲ. ಮಾನಿಟರ್ ನೋಡಿ ಬೆಳೆದ ನಮ್ಮ ಪೀಳಿಗೆಗೆ ಆ ನಂಬಿಕೆ ಎಂಥದ್ದು ಅಂತ ಊಹಿಸೋದೂ ಕಷ್ಟ.

ಮಲ್ನಾಡ್ ಮಾಣಿ

ಜಿಗಣೆ ಸೀನ್ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಂಡು ದೊಡ್ಡವನಾದ ನನಗೆ ಅದು ನೋಡಿದ ಕೂಡಲೇ ಮೈ ಜುಂ ಅಂತು. ಅದು ಕಾಂಗೋದ್ದೇ ಅಲ್ವಾ?

ಹಳೇರೀಲು

ಅದು ಲಂಡನ್ನಿನದು ಮಾಣಿಯವರೇ. ಚಾರ್ಲಿ ನೀರಿಗಿಳಿದು ಜೊಂಡಿನ ನಡುವೆ ಬೋಟನ್ನ ಹಗ್ಗ ಹಾಕಿ ಎಳೆಯೋದು, ಮೇಲೆ ಬಂದು ಮೈಮೇಲೆ ಜಿಗಣೆ ನೋಡಿ ನಡುಗೋದು ಎಲ್ಲ ಸ್ಟುಡಿಯೋ ತೊಟ್ಟಿಯಲ್ಲಿ. ಕಾರಣ ತುಂಬ ಸರಳ. ಆಫ್ರಿಕಾದ ಆ ನೀರಲ್ಲಿ ಬಿಲ್ಹಾರ್ಜಿಯಾ ಕಾಯಿಲೆ ಹರಡೋ ಹುಳು ಇತ್ತು, ಮೊಸಳೆ ಬೇರೆ. ನಾಯಕ ನಾಯಕಿಯನ್ನ ಗಂಟೆಗಟ್ಟಲೆ ಅದರಲ್ಲಿ ನಿಲ್ಲಿಸೋ ಹಾಗಿರಲಿಲ್ಲ.

ಹ್ಯೂಸ್ಟನ್ ನಿಜವಾದ ಜಿಗಣೆಯೇ ಬೇಕು ಅಂತ ಹಟ ಹಿಡಿದರಂತೆ, ಬೋಗಾರ್ಟ್ ಸುತರಾಂ ಒಪ್ಪಲಿಲ್ಲ. ಕೊನೆಗೆ ಬೋಗಾರ್ಟ್ ಮೈಮೇಲೆ ರಬ್ಬರಿನವು. ಹತ್ತಿರದ ಶಾಟಿನಲ್ಲಿ ಮಾತ್ರ ನಿಜವಾದದ್ದು, ಅದು ಅಂಟಿರೋದು ಜಿಗಣೆ ಸಾಕಿ ತಂದವನದೇ ಎದೆಗೆ.

ಆದರೆ ಆ ದೃಶ್ಯದ ಜೀವ ಇರೋದು ಮುಂದಿನ ಗಳಿಗೆಯಲ್ಲಿ. ಉಪ್ಪು ಹಾಕಿ ಜಿಗಣೆ ತೆಗೆದಾಯ್ತು. ಬೋಟ್ ಇನ್ನೂ ಕೆಸರಲ್ಲೇ ಇದೆ. ಚಾರ್ಲಿ ಒಂದು ಮಾತೂ ಆಡದೆ ನೀರನ್ನ ನೋಡ್ತಾನೆ, ಮತ್ತೆ ಇಳೀಬೇಕು ಅಂತ ಅವನಿಗೂ ಗೊತ್ತು, ರೋಸ್‌ಗೂ ಗೊತ್ತು. ಆಗ ಬೋಗಾರ್ಟ್ ಮುಖ ನೋಡಿ. ತೊಟ್ಟಿಯ ನೀರಾದರೇನು, ಆ ಮುಖ ಕಾಂಗೋ ನೋಡಿ ಬಂದ ಮುಖ. ಮೊದಲೇ ಲಂಡನ್ನಿನಲ್ಲಿ ತೆಗೆದಿದ್ದರೆ ಆ ದಣಿವು ಅಲ್ಲಿ ಇರುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ಪುಟ್ಟಮಲ್ಲಿ

ಹೆಪ್‌ಬರ್ನ್ ಬಗ್ಗೆ ನಾನು ಬರೀಲೇಬೇಕು. ಆಕೆಗೆ ಆಗ 44 ವರ್ಷ. ಗಂಡಸರ ಕುಡಿತ ನೋಡಿ ಬೇಸರವಾಗಿ, ಅವರಿಗೆ ಬುದ್ಧಿ ಹೇಳೋ ಹಾಗೆ ತಾನು ಬರೀ ನೀರು ಕುಡಿದರು, ಆ ನೀರೇ ಆಕೆಯನ್ನ ಮಲಗಿಸಿತು. ಚಿತ್ರದ ಶುರುವಿನಲ್ಲಿ ಚರ್ಚಿನೊಳಗೆ ಹಾರ್ಮೋನಿಯಂ ನುಡಿಸುತ್ತಾ ಗಟ್ಟಿಯಾಗಿ ಹಾಡೋ ದೃಶ್ಯ ಇದೆಯಲ್ಲ, ಆಗ ಕ್ಯಾಮೆರಾಗೆ ಕಾಣದ ಹಾಗೆ ಪಕ್ಕದಲ್ಲೇ ಒಂದು ಬಕೆಟ್. ಶಾಟ್ ಮುಗಿದ ಕೂಡಲೇ ವಾಂತಿ, ಮತ್ತೆ ಶಾಟ್. ಇದನ್ನ ತಿಳಿದು ಆ ದೃಶ್ಯ ನೋಡಿದರೆ ಆ ನೆಟ್ಟಗಿನ ಬೆನ್ನು, ಬಿಗಿದ ಕುತ್ತಿಗೆ ಬೇರೆಯಾಗೇ ಕಾಣುತ್ತೆ.

ನಿರ್ದೇಶನ ಅಂದರೆ ಏನು ಅಂತ ನನಗೆ ಅರ್ಥ ಮಾಡಿಸಿದ್ದು ಇದೇ ಚಿತ್ರದ ಇನ್ನೊಂದು ಪ್ರಸಂಗ. ಮೊದಮೊದಲು ಹೆಪ್‌ಬರ್ನ್ ರೋಸ್ ಪಾತ್ರವನ್ನ ತೀರಾ ಗಂಭೀರವಾಗಿ, ತುಟಿ ಕೆಳಗೆ ಬಾಗಿಸಿಕೊಂಡೇ ಮಾಡುತ್ತಿದ್ದರು. ಹ್ಯೂಸ್ಟನ್ ಒಂದು ದಿನ ಆಕೆಯ ಗುಡಿಸಲಿಗೆ ಬಂದು ಕೂತು ಕೇಳಿದ್ದು ಇಷ್ಟೇ: ಶ್ರೀಮತಿ ರೂಸ್‌ವೆಲ್ಟ್ (ಅಮೆರಿಕ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಹೆಂಡತಿ) ಗಾಯಾಳು ಸೈನಿಕರನ್ನ ನೋಡೋಕೆ ಆಸ್ಪತ್ರೆಗೆ ಹೋಗೋದನ್ನ ನ್ಯೂಸ್‌ರೀಲ್‌ನಲ್ಲಿ ನೋಡಿದ್ದೀಯಾ? ತನ್ನ ರೂಪದ ಬಗ್ಗೆ ಭ್ರಮೆಯಿಲ್ಲದ ಹೆಂಗಸು ಎಲ್ಲರಿಗೂ ಧೈರ್ಯ ಬರಲಿ ಅಂತ ಮುಖದ ಮೇಲೆ ಇಟ್ಟುಕೊಳ್ಳೋ ಆ ನಗು. ಅಷ್ಟು ಹೇಳಿ ಎದ್ದು ಹೋದರು. ತಾನು ಕೇಳಿದ್ದರಲ್ಲೇ ಅತ್ಯುತ್ತಮ ನಿರ್ದೇಶನ ಅದು ಅಂತ ಹೆಪ್‌ಬರ್ನ್ 1987ರಲ್ಲಿ ಈ ಚಿತ್ರದ ಬಗ್ಗೆಯೇ ಬರೆದ ಪುಸ್ತಕದಲ್ಲಿ ಹೇಳಿದ್ದಾರೆ. ಆ ಒಂದು ನಗು ಬಂದ ಮೇಲೆ ಚಿತ್ರದ ಬಣ್ಣವೇ ಬದಲಾಯ್ತು. ಸಾಹಸದ ಕತೆಯೊಳಗೆ ಹಾಸ್ಯ ಬಂತು, ಹಾಸ್ಯದ ಬೆನ್ನಿಗೆ ಪ್ರೀತಿ ಬಂತು. ಜಿನ್ ಬಾಟಲಿಗಳನ್ನ ಒಂದೊಂದಾಗಿ ಹೊಳೆಗೆ ಸುರಿಯುವಾಗ ರೋಸ್ ಮುಖದಲ್ಲಿ ಸಿಟ್ಟು ಹುಡುಕಿ ನೋಡಿ, ಸಿಗೋದಿಲ್ಲ.

ಲಾರೆನ್ ಬಕಾಲ್ ಹೆಸರನ್ನೂ ಸೇರಿಸಿ. ಬೋಗಾರ್ಟ್ ಹೆಂಡತಿಯಾಗಿ ಜೊತೆಗೆ ಹೋದವರು, ಚಿತ್ರದಲ್ಲಿ ಪಾತ್ರ ಇಲ್ಲ. ಕಾಯಿಲೆ ಬಿದ್ದವರ ಊಟ ಉಪಚಾರಕ್ಕೆ ನಿಂತರು.

ಕೃಷ್ಣಾತೀರ

ಎಲ್ಲಾರೂ ಬರ್ದಿದ್ದು ಓದಿದ್ನಿ, ಛಲೋ ಐತಿ. ಆದ್ರ ಒಂದ್ ಮಾತು ನನಗ ಭಾಳ ದಿನದಿಂದ ಕಾಡಾಕತ್ತೈತಿ.

ಈ ಸಿನಿಮಾದ ಕಷ್ಟದ ಕತಿ ಹೇಳೋರು ಹ್ಯೂಸ್ಟನ್, ಹೆಪ್‌ಬರ್ನ್, ಕಾರ್ಡಿಫ್, ಬಕಾಲ್. ಎಲ್ಲಾರೂ ಪುಸ್ತಕ ಬರ್ದಾರ. ಬಿಡಾರ ಕಟ್ಟಿದಾಂವ, ತೆಪ್ಪ ಜಗ್ಗಿದಾಂವ, ಅಡಗಿ ಮಾಡಿದಾಂವ ಬರ್ದಿದ್ದು ಎಲ್ಲೈತಿ? ಬೋಟ್ ಒಂದ್ ರಾತ್ರಿ ಹೊಳ್ಯಾಗ ಮುಳುಗ್ತು. ಕಾಯಾಕ ಕುಂದರ್ಸಿದ್ ಮಂದಿಗಿ "ಬೋಟ್ ನೋಡ್ಕೋರಿ" ಅಂದ್ರ ಅವರು ಅದು ಮುಳುಗೂದನ್ನ ನೋಡ್ಕೋತ ಕುಂತ್ರು ಅಂತ ನಗಚಾಟಿಕಿ ಮಾಡ್ತಾರ. ಅದೇ ಬೋಟನ್ನ ಮುಂದ ಹಗ್ಗ ಹಾಕಿ ಕೈಲೇ ಜಗ್ಗಿ ಮ್ಯಾಲ ತಂದವರೂ ಅದೇ ಮಂದಿ. ಆ ಅರ್ಧಾ ಕತಿ ಯಾರೂ ಹೇಳಂಗಿಲ್ಲ.

ಇನ್ನೊಂದು ಕತಿ ಇದಕ್ಕಿಂತ ಹೊಲಸು. ಬಿಡಾರಕ್ಕ ಮಾಂಸ ತಂದುಕೊಡ್ತಿದ್ದ ಬ್ಯಾಟಿಗಾರ ಮನಷ್ಯಾರ ಮಾಂಸ ತಂದಿದ್ದ ಅಂತ ಹ್ಯೂಸ್ಟನ್ ಹೇಳಿದ್ದು. ಕತಿ ಕಟ್ಟೂದ್ರಾಗ ಹ್ಯೂಸ್ಟನ್ ಎಂಥಾ ಪಟ್ಟು ಹಾಕ್ತಿದ್ದ ಅಂತ ಅವನ ಗೆಳ್ಯಾರೇ ಹೇಳ್ಯಾರ. ಆದ್ರೂ ಜಗತ್ತಿನ ತುಂಬ ಮಂದಿ ಅದನ್ನ ಖರೇ ಅಂತ ಹಂಚಿಕೋತ ಬಂದಾರ. 1951ರಾಗ ಕಾಂಗೋ ಬೆಲ್ಜಿಯಂ ಕೈಯಾಗ ಇತ್ತು, ಸ್ವಾತಂತ್ರ್ಯ ಸಿಕ್ಕಿದ್ದು 1960ರಾಗ. ಆ ಊರ ಮಂದಿಗಿ ತಮ್ಮ ಬಗ್ಗೆ ಏನ್ ಬರ್ದಾರ ಅಂತ ಗೊತ್ತಾಗೂ ದಾರಿನೂ ಇರ್ಲಿಲ್ಲ, ಅಲ್ಲಾ ಅನ್ನೂ ದಾರಿನೂ ಇರ್ಲಿಲ್ಲ.

ಸಿನಿಮಾದಾಗೂ ಹಂಗ. ಶುರುವಿನಾಗ ಚರ್ಚಿನ್ಯಾಗ ಗೊತ್ತಿಲ್ಲದ ಭಾಷಾದಾಗ ಪ್ರಾರ್ಥನಾ ಹಾಡೂ ಮಂದಿ. ಚಾರ್ಲಿ ಸೇದಿ ಒಗದ ಚುಟ್ಟಾಕ್ಕ ಮುಗಿಬೀಳೂ ಮಂದಿ. ಹಳ್ಳಿ ಸುಟ್ಟ ಮ್ಯಾಲ ಅವರ ಸುದ್ದೀನ ಇಲ್ಲ. ಪಾದ್ರಿ ಸತ್ತದ್ದಕ್ಕ ಸೇಡು ಐತಿ, ಊರು ಸುಟ್ಟದ್ದಕ್ಕ ಯಾರ ಸೇಡು?

ಸಿನಿಮಾ ಕೆಟ್ಟದ್ದು ಅನ್ನಾಕತ್ತಿಲ್ಲ ನಾ. ಬೆಸುಗಿ ಬೆಸುಗಿ ಅಂತೀರಲ್ಲ ರೀಲಣ್ಣಾವ್ರ, ಆ ಬೆಸುಗಿ ಹಾಕಿದ ಕೈಗಳ ಲೆಕ್ಕದಾಗ ಇವರನ್ನೂ ಹಿಡೀರಿ.

ಹಳೇರೀಲು

ಕೃಷ್ಣಾತೀರ ಅವರೇ, ಹಿಡಿಯಲೇಬೇಕು. ಚರ್ಚಿನ ದೃಶ್ಯದ ಬಗ್ಗೆ ಒಂದು ಮಾತು ಮಾತ್ರ ಸೇರಿಸ್ತೀನಿ. ಅಲ್ಲಿ ಹ್ಯೂಸ್ಟನ್ ಪಾದ್ರಿಯನ್ನೇ ಹಾಸ್ಯ ಮಾಡ್ತಾ ಇದ್ದಾರೆ ಅಂತ ನನಗನಿಸುತ್ತೆ. ಬೆವರು ಸುರಿಸಿಕೊಂಡು, ಯಾರಿಗೂ ಬೇಡದ ಹಾಡನ್ನ ಹಟದಿಂದ ಹಾಡಿಸ್ತಿರೋನು ಅವನು. ಅಮೆರಿಕದ ಸೆನ್ಸಾರ್ ಕಚೇರಿಯವರಿಗೂ ಪಾದ್ರಿಯ ಚಿತ್ರಣದ ಬಗ್ಗೆ ತಕರಾರಿತ್ತು, ಮದುವೆಯಾಗದ ಇಬ್ಬರು ಒಂದೇ ಬೋಟಲ್ಲಿ ಇರೋದರ ಬಗ್ಗೆಯೂ ಇತ್ತು. ಆದರೆ ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಚಿತ್ರದೊಳಗೆ ಉತ್ತರ ಇಲ್ಲ, ನಿಜ.

ಇನ್ನೊಂದು ಕುತೂಹಲದ ವಿಷಯ. ಪಾದ್ರಿ ಪಾತ್ರದ ರಾಬರ್ಟ್ ಮಾರ್ಲಿ ಆಫ್ರಿಕಾಕ್ಕೆ ಹೋಗಲೇ ಇಲ್ಲ. ಅವರ ಮುಖ ಕಾಣೋ ಶಾಟ್‌ಗಳೆಲ್ಲ ಲಂಡನ್ನಿನವು. ಹಾಡ್ತಾ ಇರೋ ಜನ ಉಗಾಂಡಾದವರು, ಎದುರಿಗೆ ನಿಂತು ಹಾಡಿಸ್ತಿರೋ ಪಾದ್ರಿ ಸಾವಿರಾರು ಮೈಲಿ ಆಚೆ, ಬೇರೆ ತಿಂಗಳಲ್ಲಿ. ಈ ಎರಡನ್ನೂ ಹೊಂದಿಸಿದವರಲ್ಲಿ ಮುಖ್ಯವಾಗಿ ಸಂಕಲನಕಾರ ರಾಲ್ಫ್ ಕೆಂಪ್ಲೆನ್, ಕಂಟಿನ್ಯುಟಿ ನೋಡಿಕೊಂಡ ಏಂಜೆಲಾ ಅಲೆನ್. ಬೋಗಾರ್ಟ್ ಗಡ್ಡ ಎಷ್ಟು ಬೆಳೆದಿತ್ತು, ಅಂಗಿಯ ಮಸಿ ಎಡಗಡೆಯೋ ಬಲಗಡೆಯೋ, ಹೆಪ್‌ಬರ್ನ್ ತಲೆಗೂದಲು ಎಲ್ಲಿ ಬಿಚ್ಚಿತ್ತು, ಇಷ್ಟನ್ನೂ ಕಾಡಿನ ಬಿಡಾರದಲ್ಲಿ ಬರೆದಿಟ್ಟುಕೊಂಡು ಲಂಡನ್ನಿನಲ್ಲಿ ಮತ್ತೆ ಅದೇ ಜಾಗದಿಂದ ಮುಂದುವರಿಸಬೇಕು. ಸಿನಿಮಾ ಚರ್ಚೆಗಳಲ್ಲಿ ಈ ಕೆಲಸದವರ ಹೆಸರು ಬರೋದೇ ಅಪರೂಪ.

ಇತಿಹಾಸದ ಮೇಷ್ಟ್ರು

ಚಿತ್ರದ ಹಿಂದಿರುವ ನಿಜವಾದ ಘಟನೆಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅವು ಸಿನಿಮಾಕ್ಕಿಂತಲೂ ರೋಚಕ.

ಮೊದಲ ಮಹಾಯುದ್ಧದಲ್ಲಿ ಟ್ಯಾಂಗನ್ಯಿಕಾ ಸರೋವರ ಜರ್ಮನ್ನರ ಹಿಡಿತದಲ್ಲಿತ್ತು. ಅಲ್ಲಿನ ದೊಡ್ಡ ಹಡಗು ‘ಗ್ರಾಫ್ ಫಾನ್ ಗ್ಯೋಟ್ಸೆನ್’. ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ ಕಟ್ಟಿ, ಬಿಚ್ಚಿ, ಸುಮಾರು 5,000 ಪೆಟ್ಟಿಗೆಗಳಲ್ಲಿ ತುಂಬಿ, ದಾರ್ ಎಸ್ ಸಲಾಮ್‌ವರೆಗೆ ಸಮುದ್ರದಲ್ಲಿ, ಅಲ್ಲಿಂದ ರೈಲಿನಲ್ಲಿ ಕಿಗೋಮಾ ಕಡೆಗೆ ಸಾಗಿಸಿ, ಸರೋವರದ ದಡದಲ್ಲಿ ಮತ್ತೆ ಜೋಡಿಸಿದರು. 1915ರಲ್ಲಿ ಅದು ನೀರಿಗಿಳಿಯಿತು.

ಬ್ರಿಟಿಷರ ಉತ್ತರ ಇನ್ನೂ ವಿಚಿತ್ರ. ‘ಮಿಮಿ’, ‘ಟೂಟೂ’ ಎಂಬ 40 ಅಡಿಯ ಎರಡು ಮೋಟಾರು ದೋಣಿಗಳನ್ನು ಲಂಡನ್ನಿನಿಂದ ಕೇಪ್‌ಟೌನ್‌ಗೆ ಹಡಗಿನಲ್ಲಿ, ಅಲ್ಲಿಂದ ರೈಲಿನಲ್ಲಿ ಕಾಂಗೋದೊಳಕ್ಕೆ ತಂದರು. ರೈಲು ಮುಗಿದ ಕಡೆ ಹೊಸದಾಗಿ ಕಾಡು ಕಡಿದು ದಾರಿ ಮಾಡಿ, ಉಗಿ ಎಂಜಿನ್‌ಗಳೂ ಎತ್ತುಗಳೂ ಸೇರಿ ಬೆಟ್ಟ ಹತ್ತಿಸಿದವು. ಆಮೇಲೆ ಲುವಾಲಾಬಾ ನದಿ, ಮತ್ತೆ ರೈಲು, ಕೊನೆಗೆ ಸರೋವರ. ಮುಖ್ಯಸ್ಥ ಜೆಫ್ರಿ ಸ್ಪೈಸರ್ ಸಿಮ್ಸನ್. 1915ರ ಡಿಸೆಂಬರ್ 26ರಂದು ‘ಕಿಂಗಾನಿ’ ಎಂಬ ಜರ್ಮನ್ ದೋಣಿಯನ್ನು ಹಿಡಿದರು, 1916ರ ಫೆಬ್ರವರಿಯಲ್ಲಿ ‘ಹೆಡ್ವಿಗ್ ಫಾನ್ ವಿಸ್‌ಮನ್’ ಅನ್ನು ಮುಳುಗಿಸಿದರು. ಚಿತ್ರ ತೆಗೆದ ರುಯಿಕಿ ಇದೇ ಲುವಾಲಾಬಾಕ್ಕೆ ಸೇರುವ ಹೊಳೆ. ಗಮನಿಸಿ, ಮಿಮಿ ಟೂಟೂ ಇಳಿದದ್ದು ಅಲ್ಲಿಗಿಂತ ಬಹಳ ಮೇಲ್ಭಾಗದಲ್ಲಿ.

ಗ್ಯೋಟ್ಸೆನ್ ಮಾತ್ರ ಯಾವ ಟಾರ್ಪೆಡೋಗೂ ಬಲಿಯಾಗಲಿಲ್ಲ. 1916ರ ಜುಲೈನಲ್ಲಿ ಹಿಂದೆ ಸರಿಯುವಾಗ ಜರ್ಮನ್ನರೇ ಅದನ್ನು ಮುಳುಗಿಸಿದರು, ಎಂಜಿನ್ನಿಗೆ ಚೆನ್ನಾಗಿ ಗ್ರೀಸ್ ಬಳಿದು, ಮುಂದೆ ಎತ್ತಿಕೊಳ್ಳಬಹುದು ಎಂಬ ಆಸೆಯಿಂದ. 1924ರಲ್ಲಿ ಎತ್ತಿದವರು ಬ್ರಿಟಿಷರು. 1927ರಿಂದ ಅದರ ಹೆಸರು ‘ಲಿಯೆಂಬಾ’, ದಶಕಗಳ ಕಾಲ ಅದೇ ಸರೋವರದಲ್ಲಿ ಜನರನ್ನು ದಾಟಿಸಿತು.

ಕಾದಂಬರಿಯ ಕೊನೆಯೂ ಚಿತ್ರದ ಕೊನೆಯೂ ಬೇರೆ. ಫಾರೆಸ್ಟರ್ ಬರೆದದ್ದರಲ್ಲಿ ಚಾರ್ಲಿ ಮತ್ತು ರೋಸ್ ಯೋಜನೆ ವಿಫಲವಾಗುತ್ತದೆ, ಜರ್ಮನ್ ಹಡಗನ್ನು ಮುಳುಗಿಸುವುದು ಬ್ರಿಟಿಷ್ ನೌಕಾದಳದ ದೋಣಿಗಳು, ಅಂದರೆ ಮಿಮಿ ಟೂಟೂ ಪಾತ್ರದವು. ಸಿನಿಮಾದಲ್ಲಿ ಗಲ್ಲಿಗೇರಿಸುವ ಮುನ್ನ ಕ್ಯಾಪ್ಟನ್ ಇಬ್ಬರಿಗೂ ಮದುವೆ ಮಾಡಿಸುತ್ತಾನೆ, ಅಷ್ಟರಲ್ಲಿ ಮಗುಚಿ ತೇಲುತ್ತಿದ್ದ ‘ಆಫ್ರಿಕನ್ ಕ್ವೀನ್’ಗೆ ಲೂಯಿಸಾ ಡಿಕ್ಕಿ ಹೊಡೆಯುತ್ತದೆ. ಇತಿಹಾಸದ ಕಣ್ಣಿನಿಂದ ಕಾದಂಬರಿಯೇ ಹತ್ತಿರ. ಆದರೆ ಎರಡು ಗಂಟೆ ಅವರಿಬ್ಬರ ಜೊತೆ ಹೊಳೆ ಇಳಿದ ಪ್ರೇಕ್ಷಕನಿಗೆ ಬೇರೆ ಯಾರೋ ಬಂದು ಹಡಗು ಮುಳುಗಿಸಿದರೆ ಸಮಾಧಾನವಾಗುತ್ತಿತ್ತೇ?

ನಮ್ಮ ಕಡೆಗೂ ಇದಕ್ಕೊಂದು ನಂಟಿದೆ. ಚಿತ್ರದ ಕತೆ ಶುರುವಾಗುವ ಕಾಲದಿಂದ ಎರಡೇ ತಿಂಗಳಿಗೆ, 1914ರ ನವೆಂಬರ್ ಮೊದಲ ವಾರ, ಅದೇ ಜರ್ಮನ್ ಪೂರ್ವ ಆಫ್ರಿಕಾದ ಟಾಂಗಾ ಬಂದರಿಗೆ ಭಾರತದಿಂದ ಹೋದ ಸುಮಾರು 8,000 ಜನರ ಪಡೆ ಇಳಿಯಿತು. ಅದರಲ್ಲಿ ಒಂದು 27ನೆಯ ಬೆಂಗಳೂರು ಬ್ರಿಗೇಡ್. ಎದುರಿಗೆ ಜರ್ಮನ್ ಸೇನಾನಿ ಲೆಟ್ಟೋ ಫೋರ್ಬೆಕ್‌ನ ಸಾವಿರದಷ್ಟು ಸೈನಿಕರು, ಬಹುಪಾಲು ಅಸ್ಕರಿಗಳು, ಅಂದರೆ ಜರ್ಮನ್ ಪಡೆಯ ಆಫ್ರಿಕನ್ ಸಿಪಾಯಿಗಳು. ಗುಂಡಿನ ಚಕಮಕಿಗೆ ಕೆರಳಿದ ಜೇನು ಎರಡೂ ಕಡೆಯವರ ಮೇಲೆ ಎರಗಿದ್ದರಿಂದ ಅದನ್ನು ಜೇನ್ನೊಣಗಳ ಕದನ ಎಂದೂ ಕರೆಯುತ್ತಾರೆ. ಭಾರತದ ಪಡೆ ಸೋತು, ಬಂದೂಕು ಮದ್ದುಗುಂಡುಗಳನ್ನು ದಡದಲ್ಲೇ ಬಿಟ್ಟು ಹಡಗು ಹತ್ತಿತು. ಬೆಂಗಳೂರಿನ ದಂಡಿನಿಂದ ಹೊರಟವರು ಎಂಥ ನೆಲದಲ್ಲಿ ಇಳಿದರು ಎಂದು ಯೋಚಿಸುವಾಗ ನನ್ನ ಕಣ್ಣಮುಂದೆ ಬರುವುದು ಈ ಚಿತ್ರದ ದೃಶ್ಯಗಳೇ. ಕೃಷ್ಣಾತೀರ ಅವರು ಕೇಳಿದ ಪ್ರಶ್ನೆಯನ್ನು ಈ ಸಿಪಾಯಿಗಳ ಬಗ್ಗೆಯೂ ಕೇಳಬೇಕು. ಅವರ ಕತೆಗೂ ಒಂದು ಸಿನಿಮಾ ಬೇಕು.

ಕೃಷ್ಣಾತೀರ

ಮೇಷ್ಟ್ರ, ಬೆಂಗಳೂರು ಬ್ರಿಗೇಡಿನ ವಿಷಯ ಇವತ್ತೇ ಗೊತ್ತಾತು. ಅದರ ಬಗ್ಗೆ ಬ್ಯಾರೇ ಒಂದು ಎಳಿ ಶುರು ಮಾಡ್ರಿ, ನಾವು ಓದ್ತೀವಿ.

ಕಡಲಕರೆ

ಬೋಟಿನ ಬಗ್ಗೆ ಯಾರಾದರೂ ಬರೆಯುತ್ತಾರಾ ಅಂತ ಕಾಯ್ತಾ ಇದ್ದೆ ಮಾರಾಯ್ರೇ. ನಮ್ಮ ಮನೆಯವರು ಮಲ್ಪೆಯಲ್ಲಿ ಬೋಟ್ ಎಂಜಿನ್ ಕೆಲಸದವರು, ಅದಕ್ಕೆ ನನಗೆ ಈ ಸಿನಿಮಾದಲ್ಲಿ ನಾಯಕ ನಾಯಕಿಗಿಂತ ಬೋಟಿನ ಮೇಲೆಯೇ ಕಣ್ಣು.

ಅದರ ನಿಜವಾದ ಹೆಸರು ‘ಲಿವಿಂಗ್‌ಸ್ಟೋನ್’. 1912ರಲ್ಲಿ ಇಂಗ್ಲೆಂಡಿನ ಲಿಥಮ್‌ನಲ್ಲಿ ಕಟ್ಟಿದ್ದು. ಆಫ್ರಿಕಾದಲ್ಲಿ ಜನ, ಸಾಮಾನು ಸಾಗಿಸ್ತಾ ಇದ್ದ ದುಡಿಯುವ ಬೋಟು, ಸಿನಿಮಾಕ್ಕಾಗಿ ಮಾಡಿದ್ದಲ್ಲ. ಅದಕ್ಕೇ ಅದು ಪರದೆ ಮೇಲೆ ಅಷ್ಟು ಸಹಜವಾಗಿ ಉಂಟು. ಈಗ ಅಮೆರಿಕದ ಫ್ಲೋರಿಡಾದ ಕೀ ಲಾರ್ಗೋದಲ್ಲಿ ಇದೆ, 2012ರಲ್ಲಿ ನೂರು ವರ್ಷ ತುಂಬಿದಾಗ ರಿಪೇರಿ ಮಾಡಿ ಮತ್ತೆ ನೀರಿಗೆ ಇಳಿಸಿದ್ದಾರೆ.

ಎಂಜಿನ್ ಕೆಲಸ ಗೊತ್ತಿದ್ದವರು ಚಿತ್ರಕತೆ ಬರೆಯುವಾಗ ಪಕ್ಕದಲ್ಲಿ ಇದ್ದಿರಬೇಕು ಅಂತ ಕಾಣ್ತದೆ. ಚಾರ್ಲಿ ಆಗಾಗ ಎದ್ದು ಎಂಜಿನ್ನಿಗೆ ಒದೀತಾನಲ್ಲ, ಯಾಕೆ ಅಂತ ರೋಸ್ ಕೇಳ್ತಾಳೆ. ಹಿಂದೆ ಕೆಲಸಕ್ಕಿದ್ದವನೊಬ್ಬ ಸೇಫ್ಟಿ ವಾಲ್ವಿನೊಳಗೆ ಸ್ಕ್ರೂಡ್ರೈವರ್ ಬೀಳಿಸಿದ್ದಾನೆ, ಒದೆಯದಿದ್ದರೆ ಬಾಯ್ಲರ್ ಸಿಡೀತದೆ, ಬಿಚ್ಚಿ ಸರಿ ಮಾಡಬಹುದು, ಆದರೆ ಒದೆಯೋದೇ ಇಷ್ಟ ಅಂತಾನೆ. ಹಳೇ ಎಂಜಿನ್ ಜೊತೆ ವರ್ಷಗಟ್ಟಲೆ ಬದುಕಿದವನ ಮಾತು ಅದು. ನಮ್ಮ ದಕ್ಕೆಯಲ್ಲಿ ಇಂಥವರು ಎಷ್ಟು ಬೇಕು.

ಆಮೇಲೆ ಶಾಫ್ಟ್ ರಿಪೇರಿ. ಕಲ್ಲಿಗೆ ಬಡಿದು ಶಾಫ್ಟ್ ಬಗ್ಗಿದೆ, ಪ್ರೊಪೆಲ್ಲರಿನ ಒಂದು ಎಲೆ ಮುರಿದಿದೆ. ಇಬ್ಬರೂ ನೀರೊಳಗೆ ಮುಳುಗಿ ಮುಳುಗಿ ಬಿಚ್ಚುತ್ತಾರೆ. ದಡದಲ್ಲಿ ಕುಲುಮೆ ಮಾಡಿ, ತಿದಿ ಊದಿ, ಕಾಯಿಸಿ, ಬಡಿದು ನೇರ ಮಾಡ್ತಾರೆ. ಸಿನಿಮಾದಲ್ಲಿ ಇಂಥ ಕೆಲಸವನ್ನ ಒಂದು ಹಾಡಿನಷ್ಟು ಹೊತ್ತಲ್ಲಿ ತೋರಿಸಿ ಮುಗಿಸ್ತಾರೆ. ಇಲ್ಲಿ ಹಾಗಲ್ಲ, ಕೆಲಸ ಕಲಿಯುವ ಹೆಂಗಸು, ಕಲಿಸುವ ಗಂಡಸು, ನಿಧಾನಕ್ಕೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಬರುವ ಗೌರವ. ಮುತ್ತಿನ ದೃಶ್ಯಕ್ಕಿಂತ ನನಗೆ ಇದೇ ಪ್ರೀತಿಯ ದೃಶ್ಯ. ಟಾರ್ಪೆಡೋ ಮಾಡುವುದೂ ಅಷ್ಟೇ: ಆಮ್ಲಜನಕದ ಸಿಲಿಂಡರ್, ಗಣಿಯ ಸ್ಫೋಟಕ, ತುದಿಯಲ್ಲಿ ಮೊಳೆ ಮತ್ತು ಕಾಡತೂಸು. ಪೂರಾ ಹೇಗೆ ಅಂತ ಅರ್ಥ ಆಗುವ ಹಾಗೆ ಉಂಟು.

ಕ್ಯಾಮೆರಾಕಣ್ಣು

ಕಡಲಕರೆಯವರು ಹೇಳಿದ ಕುಲುಮೆ ದೃಶ್ಯ ನನಗೂ ಇಷ್ಟ. ನಾನು ಒಂದೇ ಶಾಟ್ ಆರಿಸಿಕೊಳ್ಳಬೇಕು ಅಂದರೆ ಮಾತ್ರ ಜೊಂಡಿನ ಕೊನೆಯದು. ಬೋಟ್ ಕೆಸರಲ್ಲಿ ಹೂತಿದೆ, ಇಬ್ಬರೂ ಸಾಯೋಕೆ ಸಿದ್ಧರಾಗಿ ಮಲಗಿದ್ದಾರೆ, ರೋಸ್ ಪ್ರಾರ್ಥನೆ ಮಾಡಿ ಕಣ್ಣು ಮುಚ್ಚಿದ್ದಾಳೆ. ಕ್ಯಾಮೆರಾ ಮೆಲ್ಲಗೆ ಮೇಲೇಳುತ್ತೆ. ಜೊಂಡಿನ ತಲೆ ದಾಟುತ್ತಿದ್ದ ಹಾಗೇ, ಕೂಗಳತೆಯಲ್ಲಿ, ಇಡೀ ಸರೋವರ. ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತಾಯ್ತು. ಮಾತಿಲ್ಲ. ಅಂಗುಲ ಅಂಗುಲ ಹೋರಾಡಿದ್ದು ಎಷ್ಟು ಹತ್ತಿರ ಬಂದು ನಿಂತಿತ್ತು ಅನ್ನೋದನ್ನ ಬರೀ ಕ್ಯಾಮೆರಾ ಎತ್ತರದಿಂದ ಹೇಳಿಬಿಟ್ಟರು.

ಹ್ಯೂಸ್ಟನ್ ಬಗ್ಗೆ ನನಗಿರೋ ಬೇಸರವನ್ನೂ ಹೇಳಿಬಿಡ್ತೀನಿ. ಶೂಟಿಂಗ್ ನಡುವೆ ಆ ಮನುಷ್ಯನಿಗೆ ಆನೆ ಹೊಡೆಯೋ ಹುಚ್ಚು. ತಂಡ ಕಾಯುತ್ತಿದ್ದಾಗಲೂ ಬಂದೂಕು ಹಿಡಿದು ಹೋಗುತ್ತಿದ್ದರು, ಹೆಪ್‌ಬರ್ನ್ ಕೂಡ ಜೊತೆಗೆ ಹೋಗಿದ್ದುಂಟು. ಇದನ್ನೆಲ್ಲ ಹತ್ತಿರದಿಂದ ನೋಡಿದ ವಿಯರ್ಟೆಲ್ 1953ರಲ್ಲಿ ಹೆಸರು ಬದಲಿಸಿ ‘ವೈಟ್ ಹಂಟರ್, ಬ್ಲ್ಯಾಕ್ ಹಾರ್ಟ್’ ಅನ್ನೋ ಕಾದಂಬರಿಯನ್ನೇ ಬರೆದರು. ಕ್ಲಿಂಟ್ ಈಸ್ಟ್‌ವುಡ್ 1990ರಲ್ಲಿ ಅದನ್ನ ಸಿನಿಮಾ ಮಾಡಿದರು. ಎರಡನ್ನೂ ಬೆನ್ನುಬೆನ್ನಿಗೆ ನೋಡಿ. ಒಂದೇ ಮನುಷ್ಯನ ಕೈಯಲ್ಲಿ ಅಷ್ಟು ಮೃದುವಾದ ಚಿತ್ರವೂ ಹುಟ್ಟಿತು, ಅಷ್ಟು ಒರಟುತನವೂ ಇತ್ತು.

ಮಲ್ನಾಡ್ ಮಾಣಿ

ಬೋಗಾರ್ಟ್‌ಗೆ ಇದಕ್ಕೇ ಅಲ್ವಾ ಆಸ್ಕರ್ ಬಂದಿದ್ದು?

ಪುಟ್ಟಮಲ್ಲಿ

ಹೌದು, ಅವರ ಜೀವನದ ಒಂದೇ ಆಸ್ಕರ್. ಆ ವರ್ಷ ಎದುರಿಗಿದ್ದವರು ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ನ ಮಾರ್ಲನ್ ಬ್ರಾಂಡೊ. ಹೆಪ್‌ಬರ್ನ್, ಹ್ಯೂಸ್ಟನ್ ಇಬ್ಬರಿಗೂ ನಾಮನಿರ್ದೇಶನ ಇತ್ತು, ಬರಲಿಲ್ಲ. ಕಾದಂಬರಿಯ ಚಾರ್ಲಿ ಲಂಡನ್ನಿನ ಕೂಲಿಕೇರಿಯವನು. ಆ ಮಾತಿನ ಧಾಟಿ ಬೋಗಾರ್ಟ್ ಬಾಯಿಗೆ ಹೊಂದೋದಿಲ್ಲ ಅಂತ ಕೆನಡಾದವನನ್ನಾಗಿ ಮಾಡಿದರು. ಅದು ಒಳ್ಳೇದೇ ಆಯ್ತು, ಅವರು ಉಚ್ಚಾರಣೆ ಮರೆತು ಬರೀ ಮನುಷ್ಯನಾಗಿ ಆಡಿದರು.

ಹೊಸನೋಟ

ಇಷ್ಟು ಓದಿದ ಮೇಲೆ ನೋಡ್ಲೇಬೇಕು ಅನ್ಸಿದೆ. ಯೂಟ್ಯೂಬಲ್ಲಿ ಸಿಕ್ಕಿದ್ದು ಮಸುಕು ಮಸುಕಾಗಿ, ಬಣ್ಣ ಎಲ್ಲ ಕಂದು ಹಿಡಿದ ಹಾಗಿದೆ. ಹೀಗೇನಾ ಇರೋದು? ಪರವಾಗಿಲ್ಲ ಅಂತ ನೋಡಿಬಿಡ್ಲಾ?

ಕ್ಯಾಮೆರಾಕಣ್ಣು

ದಯವಿಟ್ಟು ಬೇಡ. ಅದು ಹಳೇ ವಿಡಿಯೋ ಪ್ರತಿಯಿಂದ ಇಳಿಸಿದ್ದಿರಬೇಕು. ಮೂಲದ ಮೂರು ನೆಗೆಟಿವ್‌ಗಳಿಂದ ಸ್ಕ್ಯಾನ್ ಮಾಡಿ ಶುದ್ಧ ಮಾಡಿದ ಪ್ರತಿ 2010ರಲ್ಲಿ ಡಿವಿಡಿ, ಬ್ಲೂರೇ ಆಗಿ ಬಂತು. ಮೇಲೆ ಹೇಳಿದ್ನಲ್ಲ, ಮೂರು ಫಿಲ್ಮ್ ಕೂದಲೆಳೆ ತಪ್ಪದೆ ಓಡಬೇಕು ಅಂತ. ಅರವತ್ತು ವರ್ಷದಲ್ಲಿ ಮೂರೂ ಬೇರೆ ಬೇರೆ ಅಳತೆಗೆ ಕುಗ್ಗಿರ್ತವೆ, ಹಾಗೇ ಒಂದರ ಮೇಲೊಂದು ಕೂರಿಸಿದರೆ ಪ್ರತಿ ಅಂಚಿಗೂ ಕೆಂಪು ಹಸಿರು ಗೆರೆ ಬರುತ್ತೆ. ಕಂಪ್ಯೂಟರಿನಲ್ಲಿ ಫ್ರೇಮು ಫ್ರೇಮಿಗೂ ಅವನ್ನ ಹೊಂದಿಸಿದ್ದಾರೆ. ಕಾರ್ಡಿಫ್ ತೀರಿಕೊಂಡಿದ್ದು 2009ರಲ್ಲಿ, ಬಣ್ಣ ಹೇಗಿರಬೇಕು ಅಂತ ಅವರನ್ನೂ ಕೇಳಿಯೇ ಮಾಡಿದ ಕೆಲಸ. ಆ ಪ್ರತಿಯಲ್ಲಿ ಹೊಳೆಯ ಕಪ್ಪು, ಹೆಪ್‌ಬರ್ನ್ ಬಿಸಿಲಿಗೆ ಸುಟ್ಟ ಮೂಗಿನ ಕೆಂಪು ಎರಡೂ ಸರಿಯಾಗಿ ಕಾಣುತ್ತವೆ.

ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ. ಮೊಬೈಲಲ್ಲಿ ಆ ಜೊಂಡಿನ ಶಾಟ್ ವ್ಯರ್ಥ.

ಹೊಸನೋಟ

ಸರಿ ಸಾರ್. ಬ್ಲೂರೇ ಹುಡುಕ್ತೀನಿ, ಭಾನುವಾರ ಮನೆಯವರ ಜೊತೆ ಟಿವಿಯಲ್ಲೇ ನೋಡಿ ಇಲ್ಲಿ ಬರೀತೀನಿ. ಮೇಷ್ಟ್ರೇ, ಟಾಂಗಾ ಎಳೆ ಶುರು ಮಾಡಿದ್ರೆ ಕೊಂಡಿ ಇಲ್ಲೇ ಹಾಕಿ.